ಬೀದಿಗೆಲ್ಲ ಒಂದೇ ನಂಬರು

ದಿಬ್ಬೂರಹಳ್ಳಿಯ ನಮ್ಮ ಬೀದಿಯ ಅರ್ಧ ಜನರ ಫೋನ್ ನಂಬರು ನನ್ನದೇ. ನಾನು ನಿವೃತ್ತ ಟೀಚರು, ಹಗಲೆಲ್ಲ ಮನೆಯಲ್ಲೇ ಇರುತ್ತೇನೆ. ಅಷ್ಟು ಅರ್ಹತೆ ಸಾಕಾಯಿತು. ಯಾವ ಕಚೇರಿಯಲ್ಲಿ ನಂಬರು ಕೇಳಿದರೂ ಇಲ್ಲಿನ ಹೆಂಗಸರು ಹಿಂದೆ ಮುಂದೆ ನೋಡದೆ ನನ್ನದನ್ನು ಹೇಳುತ್ತಾರೆ. ನನಗೆ ತಿಳಿಸುವುದು ಆಮೇಲೆ, ಅದೂ ನೆನಪಾದರೆ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿರುವವರು ಕೆಲಸ ಬಿಟ್ಟು ಬರುವಂತಿಲ್ಲ, ಹಾಗಾಗಿ ಕಾಂಪೌಂಡಿನ ಮೇಲಿಂದ ನಾನೇ ಓಟಿಪಿ ಕೂಗುತ್ತೇನೆ. ಯಾರ ಮನೆಗೆ ಸಿಲಿಂಡರ್ ಬಂತು, ಯಾರ ಮೊಮ್ಮಗ ಡುಮ್ಕಿ ಹೊಡೆದ, ಎಲ್ಲ ಮೊದಲು ಗೊತ್ತಾಗುವುದು ನನಗೆ. ನಿಜ ಹೇಳಬೇಕೆಂದರೆ ಬಲು ಖುಷಿಯ ಕೆಲಸ.

ಕಳೆದ ವರ್ಷ ನಮ್ಮ ಬೀದಿಯ ಹಲವರ ಪಿಂಚಣಿ ಇದ್ದಕ್ಕಿದ್ದಂತೆ ನಿಂತುಹೋಯಿತು, ಪಕ್ಕದ ಮನೆಯ ಅಜ್ಜಿಯ ವಿಧವಾ ಪಿಂಚಣಿಯೂ. ಎಲೆ ಅಡಿಕೆಗೂ ಬಿ.ಪಿ. ಮಾತ್ರೆಗೂ ಸೊಸೆಯ ಮುಂದೆ ಕೈಚಾಚದೆ ಇರುವುದೇ ಅಜ್ಜಿಯ ದೊಡ್ಡ ಹೆಮ್ಮೆ. ಈಗ ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದಳು. ಪಿಂಚಣಿ ಕಚೇರಿಗೇ ಹೋಗಿ ಕೇಳೋಣ ಎಂದೆ. ಸಿಟ್ಟು ಬಂದರೆ ಅಜ್ಜಿಗೆ ತೆಲುಗು ಬರುತ್ತದೆ. "ಪೋಯೇ ಕಾಲಂ ವಚ್ಚಿಂದಿ ವೀಳ್ಳಕಿ!" ಇವರಿಗೆ ಹಾಳಾಗುವ ಕಾಲ ಬಂತು ಎಂದು ಸರ್ಕಾರವನ್ನು ಶಪಿಸಿ, ಒಳ್ಳೆಯ ಸೀರೆ ಉಟ್ಟು ನನ್ನ ಜೊತೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಅಲ್ಲಿನ ಅಧಿಕಾರಿ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ನನ್ನ ನಂಬರು ಕೇಳಿದ್ದೇ ತಡ, ಅವನ ಮುಖ ಬದಲಾಯಿತು. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ನಡುವೆ ನನ್ನ ನಂಬರು, ಸುತ್ತ ಬೀದಿಯ ಹೆಂಗಸರ ಹೆಸರು, ಎಲ್ಲರಿಂದಲೂ ನನ್ನತ್ತ ಗೆರೆ. ಥೇಟ್ ಜೇಡದ ಹಾಗೆ ಕೂತಿದ್ದೆ. ಒಂದೇ ನಂಬರಿಗೆ ಇಷ್ಟು ಪಿಂಚಣಿ ಅಂಟಿಕೊಂಡಿದ್ದರೆ ಅದು ದಲ್ಲಾಳಿಯ ನಂಬರು ಎಂದು ಕಂಪ್ಯೂಟರಿಗೆ ಕಲಿಸಿದ್ದಾರಂತೆ.

"ಮೇಡಂ, ನಾವ್ಯಾರೂ ನಿಲ್ಸಿಲ್ಲ. ಸಿಸ್ಟಮ್ಮೇ ಹಿಡಿದಿರೋದು."

"ಅದಕ್ಕೆ ಕಲಿಸಿದೋರು ಯಾರಪ್ಪ?"

"ಅದೆಲ್ಲ ಬೆಂಗಳೂರಲ್ಲಿ ಮಾಡಿರೋದು. ನೀವು ದಲ್ಲಾಳಿ ಅಲ್ಲ ಅನ್ನೋದಕ್ಕೆ ಏನಾದ್ರೂ ಪ್ರೂಫ್ ಇದ್ರೆ ಕೊಡಿ."

ಅನುಮಾನ ಅವರದು, ಸಾಬೀತು ಮಾಡುವ ಕೆಲಸ ನಮ್ಮದು! ತರಗತಿಯಲ್ಲಿ ಪೆನ್ಸಿಲ್ ಕಳೆದರೂ ನಾನು ಮೊದಲು ಮಕ್ಕಳನ್ನು ಕೇಳುತ್ತಿದ್ದೆ. ಎಲ್ಲರ ಊಟ ನಿಲ್ಲಿಸಿ ಆಮೇಲೆ ವಿಚಾರಿಸುತ್ತಿರಲಿಲ್ಲ. ಹಾಗೆಂದು ಜೋರಾಗಿಯೇ ಹೇಳಿದೆ.

"ಸರಿ, ಇವ್ರು ನಿಮಗೆ ಏನಾಗ್ಬೇಕು?" ಎಂದ.

"ಪಕ್ಕದ ಮನೆ."

ಅವನು ಪರದೆಯ ಸಂಬಂಧಗಳ ಪಟ್ಟಿಯಲ್ಲಿ ಹುಡುಕಿದ. ತಾಯಿ ಇತ್ತು, ಮಗಳು ಇತ್ತು, ಸೊಸೆಯೂ ಇತ್ತು. ಪಕ್ಕದ ಮನೆ ಇರಲಿಲ್ಲ.

ಅಷ್ಟರಲ್ಲಿ ಅಜ್ಜಿ ಬಾಯಿ ಹಾಕಿದಳು. "ಈಯಮ್ಮ ದಲ್ಲಾಳೀನಾ? ಆಗಿದ್ರೆ ಇಷ್ಟೊತ್ತಿಗೆ ಮಹಡಿ ಮನೆ ಕಟ್ತಿರ್ಲಿಲ್ವೇನಪ್ಪ? ಇನ್ನೂ ಹೆಂಚಿನ ಮನೆ, ಅದೂ ಸೋರ್ತದೆ."

ಹುಡುಗ ನಕ್ಕುಬಿಟ್ಟ. ಎಲ್ಲರ ಪಿಂಚಣಿಯನ್ನೂ ಬಿಡಿಸಿಕೊಡುತ್ತೇನೆ, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ನಂಬರು ಇರಬೇಕು ಎಂದ.

ಹಾಗೇ ಆಯಿತು. ಒಬ್ಬರು ಮಗನ ನಂಬರು ಕೊಟ್ಟರು, ಒಬ್ಬರು ಅಳಿಯನದು. ಅಜ್ಜಿಗೆ ಸೊಸೆಯೇ ಒಂದು ಬಟನ್ ಫೋನ್ ತಂದುಕೊಟ್ಟಳು. ಪಿಂಚಣಿ ಬಂತು, ಅಜ್ಜಿ ಇಡೀ ಮಾತ್ರೆ ನುಂಗತೊಡಗಿದಳು. ನನ್ನ ಫೋನ್ ಮಾತ್ರ ಸದ್ದಿಲ್ಲದೆ ಬಿದ್ದಿತ್ತು. ನನಗೆ ಒಳಗೊಳಗೇ ಬೇಜಾರು.

ಮೊನ್ನೆ ಅಜ್ಜಿ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. "ಏನೋ ಬಂದೈತೆ, ಓದಿ ಹೇಳು ಟೀಚರಮ್ಮ."

ನೋಡಿದರೆ ಓಟಿಪಿ. ಅದೂ ಹಿಂದಿನ ಬೀದಿಯವಳ ಪಿಂಚಣಿಯದು.

"ಅವಳ್ದು ನಿನ್ನ ಫೋನಿಗ್ಯಾಕೆ ಬಂತಜ್ಜಿ?"

"ಅವಳತ್ರ ಫೋನಿಲ್ವಲ್ಲಮ್ಮ, ನನ್ನ ನಂಬರ್ ಕೊಟ್ಟಿದ್ದೀನಿ. ಇನ್ನೂ ನಾಲ್ಕೈದು ಜನಕ್ಕೂ ಕೊಟ್ಟೆ. ಮನೇಲಿ ಇಟ್ಕೊಂಡು ಇಲ್ಲ ಅನ್ನಕ್ಕಾಗ್ತದಾ?"

"ಮತ್ತೆ ನಿನ್ನ ಪಿಂಚಣಿ ನಿಲ್ಸಿದ್ರೆ?"

"ನೀನಿದ್ದೀಯಲ್ಲ, ಬಸ್ ಹತ್ತಣ. ಮೊದಲು ಅದನ್ನ ಕೂಗು, ಟೈಮ್ ಆಗೋಗ್ತದೆ."

ನಾನು ಕಾಂಪೌಂಡಿನ ಹತ್ತಿರ ಹೋಗಿ, ಹಿಂದಿನ ಬೀದಿಗೂ ಕೇಳುವ ಹಾಗೆ ಕೂಗಿದೆ.