ಹೆಗ್ಗಡದೇವನಕೋಟೆಯಲ್ಲಿ ತೋರಿಸಿದ ಅಮೆರಿಕದ ಕಾರ್ಟೂನು

ನಾನು ಪತ್ರಿಕೆಗೆ ಕಾರ್ಟೂನು ಬರೆಯುವವನು. ಹೆಗ್ಗಡದೇವನಕೋಟೆಯ ಕಾಲೇಜೊಂದರಲ್ಲಿ ಭಾಷಣಕ್ಕೆ ಕರೆದಿದ್ದರು. ಹತ್ತೊಂಬತ್ತನೇ ಶತಮಾನದ ಅಮೆರಿಕದ ಪತ್ರಿಕೆಗಳು ವಲಸೆ ಬಂದ ಐರಿಷ್ ಕೂಲಿಗಳನ್ನು ಕೋತಿಗಳಂತೆ ಚಿತ್ರಿಸಿದ್ದನ್ನು ಪರದೆಯ ಮೇಲೆ ತೋರಿಸಿ, "ಎಂಥಾ ಕ್ರೌರ್ಯ ನೋಡಿ" ಎಂದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸಾರ್, ಓಟಾಕಕ್ಕೆ ಸಾಲಲ್ಲಿ ನಿಂತಿರೋ ಕುರಿಗಳು ಅಂತ ನೀವೂ ಕಾರ್ಟೂನು ಬರೆದಿದ್ರಲ್ಲ, ಅದ್ರಲ್ಲಿ ಮೊದಲ್ನೇ ಕುರಿ ನಮ್ಮಪ್ಪ. ನಮ್ಮೂರು ಅಂತರಸಂತೇಲಿ ಎಲ್ಲಾ ಗುರುತಿಡಿದು ನಗಾಡುದ್ರು."

ಆ ಕಾರ್ಟೂನು ನೆನಪಾಯಿತು. ಮತಗಟ್ಟೆಯ ಸಾಲಿನ ಫೋಟೊದಲ್ಲಿದ್ದ ಒಬ್ಬರ ಮೀಸೆಯನ್ನೂ ರುಮಾಲನ್ನೂ ಹಾಗೇ ಕುರಿಗೆ ಇಳಿಸಿದ್ದೆ. ಅವರಿಗೊಂದು ಮನೆ, ಮಗಳು ಇರಬಹುದೆಂದು ಹೊಳೆದೇ ಇರಲಿಲ್ಲ.

"ತಪ್ಪಾಯ್ತಮ್ಮ. ನಿಮ್ಮ ತಂದೆಯ ಹತ್ತಿರವೇ ಬಂದು ಕ್ಷಮೆ ಕೇಳ್ತೀನಿ," ಎಂದೆ.

"ಬ್ಯಾಡ ಬುಡಿ ಸಾರ್. ಆಮೇಲೆ ಅದನ್ನೂ ಬರೆದುಬುಟ್ಟೀರಿ."

ಇಡೀ ಸಭೆ ಗೊಳ್ಳೆಂದು ನಕ್ಕಿತು. ನನ್ನ ಯಾವ ಕಾರ್ಟೂನಿಗೂ ಜನ ಅಷ್ಟು ನಕ್ಕಿದ್ದಿಲ್ಲ.