ಹರಿಣಾಕ್ಷಿ ಆರಿಸಿದ ಸ್ಕೋಪು

ಮದುವೆಗೆ ಮೊದಲು ಹರಿಣಾಕ್ಷಿ ಆರು ವರ್ಷ ಕಾರ್ಕಳದ ಹತ್ತಿರ ಗೇರುಬೀಜದ ಫ್ಯಾಕ್ಟರಿಯಲ್ಲಿ ಗ್ರೇಡಿಂಗ್ ಮಾಡುತ್ತಿದ್ದಳು. ಮೇಜಿನ ಮೇಲೆ ಸುರಿದ ರಾಶಿಯಿಂದ ದೊಡ್ಡದು, ನಡುವಿನದು, ಸಣ್ಣದು, ತುಂಡು, ಸುಟ್ಟದ್ದು ಎಂದು ಬೆರಳುಗಳೇ ಬೇರೆ ಮಾಡುತ್ತಿದ್ದವು. ಕಣ್ಣು ಆಮೇಲೆ ಒಪ್ಪಿಗೆ ಕೊಡುತ್ತಿತ್ತು. ಅಬುಧಾಬಿಗೆ ಬಂದು ಹದಿಮೂರು ವರ್ಷವಾದರೂ ಆ ಬೆರಳುಗಳು ಮರೆತಿರಲಿಲ್ಲ. ಸೂಪರ್ ಮಾರ್ಕೆಟಿನಲ್ಲಿ ಅರ್ಧ ಕಿಲೋ ಎಂದುಕೊಂಡು ಬೆಂಡೆಕಾಯಿ ಆರಿಸಿದರೆ ಯಂತ್ರ ಐನೂರ ಹತ್ತು ಗ್ರಾಂ ತೋರಿಸುತ್ತಿತ್ತು. ಇದನ್ನು ಯಾರೂ ವಿದ್ಯೆ ಎಂದು ಕರೆಯುವುದಿಲ್ಲ. ಮನೆಯಲ್ಲಂತೂ ಇಲ್ಲ.

ಗಂಡ ಸುಶಾಂತ್ ಬೇಟೆ ಸಾಮಾನಿನ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಆ ಅಂಗಡಿಯ ಗಿರಾಕಿಗಳು ಚಳಿಗಾಲಕ್ಕೆ ದೂರದ ದೇಶಗಳ ಬೆಟ್ಟಗಳಿಗೆ ಹೋಗಿ ಕಾಡುಮೇಕೆ ಬೇಟೆಯಾಡುವ ಸ್ಥಳೀಯ ಅರಬ್ ಕುಟುಂಬದವರು. ಈಚೆಗೆ ಹೆಂಗಸರೂ ಹೊರಟಿದ್ದರು. ಆದರೆ ಅವರಿಗೆ ಮಾರಿದ ಸ್ಕೋಪುಗಳು, ಎಂದರೆ ಕೋವಿಯ ಮೇಲೆ ಕೂರಿಸಿ ದೂರದ್ದನ್ನು ಹತ್ತಿರ ಕಾಣಿಸುವ ಕೊಳವೆಗಳು, ಒಂದೊಂದಾಗಿ ವಾಪಸು ಬರುತ್ತಿದ್ದವು. ಭಾರವಂತೆ, ಉದ್ದವಂತೆ, ಹತ್ತುವಾಗ ಹೆಗಲು ನೋಯುತ್ತದಂತೆ.

ಒಂದು ಸಂಜೆ ಸುಶಾಂತ್ ಮೂರು ಸ್ಯಾಂಪಲ್ ತಂದು ಅಡುಗೆಕಟ್ಟೆಯ ಮೇಲಿಟ್ಟ.

"ಇದರಲ್ಲಿ ಯಾವುದು ಹಗುರ ನೋಡು ಮಾರಾಯ್ತಿ. ಹೆಂಗಸರಿಗೆ ಅಂತ ಪ್ರತ್ಯೇಕ ಕೌಂಟರ್ ಮಾಡ್ತಾರಂತೆ. ಯಾವ ಸ್ಕೋಪ್ ಇಡುದು ಅಂತ ಕ್ಲೈವ್ ಸರ್ ನನ್ನ ಹತ್ತಿರ ಕೇಳಿದ್ದಾರೆ. ನಾನು ಹಿಡಿದ್ರೆ ಎಲ್ಲವೂ ಹಗುರವೇ. ನಿನ್ನದು ಸರಿಯಾದ ಅಳತೆ."

ಕ್ಲೈವ್ ಅಂಗಡಿಯ ಮ್ಯಾನೇಜರು, ಮಂಗಳೂರಿನವರು.

"ಪುಸ್ತಕದಲ್ಲಿ ತೂಕ ಬರ್ದಿರುದಿಲ್ವಾ?"

"ಉಂಟು. ಇದು ಮುನ್ನೂರ ಅರವತ್ತು."

ಹರಿಣಾಕ್ಷಿ ಒದ್ದೆ ಕೈ ಒರೆಸಿಕೊಂಡು ಅದನ್ನು ಎತ್ತಿದಳು. ಅಲ್ಲ ಎಂದಿತು ಕೈ. ಅಡುಗೆಮನೆಯ ತಕ್ಕಡಿಯ ಮೇಲಿಟ್ಟಳು. ಐನೂರ ಮೂವತ್ತು.

"ಕೋವಿಗೆ ಬಿಗಿಯುವ ಈ ಎರಡು ಬಳೆ, ಗಾಜಿನ ಮುಚ್ಚಳ, ಎಲ್ಲ ಬಿಟ್ಟು ತೂಕ ಬರ್ದಿದ್ದಾರೆ. ಅಕ್ಕಿ ತೂಗಿ ಇಷ್ಟು ಅನ್ನ ಅಂತ ಹೇಳಿದ ಹಾಗೆ ಆಯ್ತು. ಹೊತ್ತುಕೊಂಡು ಹೋಗುವವಳಿಗೆ ಅನ್ನದ ತೂಕ ಬೇಕು."

ಸುಶಾಂತ್ ನಕ್ಕ. ಆಮೇಲೆ ಫೋನು ತೆಗೆದು ಅದನ್ನು ಬರೆದುಕೊಂಡ.

ಅಂದಿನಿಂದ ಎರಡು ತಿಂಗಳು ಸ್ಯಾಂಪಲ್‌ಗಳು ಬಂದು ಹೋದವು. ಕುಕ್ಕರಿನ ಮೊದಲ ಸೀಟಿಗೂ ಮೂರನೆಯದಕ್ಕೂ ನಡುವೆ ಅವಳು ತೂಗುತ್ತಿದ್ದಳು. ಮೀನು ತೊಳೆದ ಕೈ ಒಣಗುವವರೆಗೆ ಕಾದು ತಿರುಗಣೆಗಳನ್ನು ತಿರುಗಿಸಿ ನೋಡುತ್ತಿದ್ದಳು. ನೆಲ ಒರೆಸುವ ಕೋಲಿಗೆ ಸ್ಕೋಪನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಫ್ಲ್ಯಾಟಿನ ಹೊರಗಿನ ಉದ್ದ ಕಾರಿಡಾರಿನ ತುದಿಯಲ್ಲಿದ್ದ ಅಗ್ನಿಶಾಮಕದ ಕೆಂಪು ಡಬ್ಬಿಗೆ ಗುರಿ ಹಿಡಿಯುತ್ತಿದ್ದಳು. ಕೋಲು ಭುಜಕ್ಕೆ ಏರಿದೊಡನೆ ಚಿತ್ರ ಕಾಣಬೇಕು, ಕಣ್ಣು ಹುಡುಕಾಡಬಾರದು.

ಪಕ್ಕದ ಫ್ಲ್ಯಾಟಿನ ಜಮೀಲ ಬಾಗಿಲು ತೆರೆದವಳು ಒಮ್ಮೆ ನಿಂತೇಬಿಟ್ಟಳು.

"ಎಂತ ಹರಿಣಾಕ್ಷಕ್ಕ, ಜಿರಳೆ ಬೇಟೆಯಾ?"

"ಜಿರಳೆಗೆ ನನ್ನ ಚಪ್ಪಲಿ ಸಾಕು. ಇದು ಬೆಟ್ಟದ ಮೇಕೆಗೆ."

"ಅಲ್ಲಾ! ನಮ್ಮ ಮನೆಯವರಿಗೆ ಹೇಳ್ತೇನೆ, ಶುಕ್ರವಾರದ ಬಿರಿಯಾನಿಗೆ ಮಟನ್ ತರುದು ಬೇಡ ಅಂತ."

ಕಂಡದ್ದನ್ನೆಲ್ಲ ಹರಿಣಾಕ್ಷಿ ದಿನಸಿ ಪಟ್ಟಿಯ ಪುಸ್ತಕದ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದಳು. ಸುಶಾಂತ್ ರಾತ್ರಿ ಊಟವಾದ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದ. ತಟ್ಟೆ ತೊಳೆಯುತ್ತ ಅವಳು ಒಂದು ದಿನ ಕೇಳಿದಳು:

"ಆ ಕೌಂಟರಿಗೆ ಹೆಂಗಸರೇ ಬೇಕಲ್ವಾ? ನನ್ನ ಹೆಸರು ಹೇಳಿ."

ಅವನು ತಲೆ ಎತ್ತಲಿಲ್ಲ. "ಹೇಳದೆ ಇರ್ತೇನಾ? ಮೊದಲು ಈ ಸ್ಕೋಪಿನ ಲಿಸ್ಟ್ ಪಾಸ್ ಆಗಲಿ."

ಅವಳಿಗೆ ಅಷ್ಟು ಸಾಕಾಯಿತು. ಹದಿಮೂರು ವರ್ಷ ಗಂಡನ ವೀಸಾದ ಮೇಲಿದ್ದವಳು ಸದ್ದಿಲ್ಲದೆ ಎರಡು ಚೂಡಿದಾರ್ ಹೊಲಿಸಿದಳು. ಮಗಳು ದೀಪ್ತಿಯಿಂದ 'ಮೇ ಐ ಹೆಲ್ಪ್ ಯು' ಎನ್ನುವುದನ್ನು ಮುಜುಗರವಿಲ್ಲದೆ ಹೇಳಲು ಕಲಿತಳು. "ಅಮ್ಮಾ, ಸ್ಮೈಲ್ ಮಾಡಿ ಹೇಳಿ. ಯು ಸೌಂಡ್ ಆಂಗ್ರಿ" ಎಂದು ಆ ಹನ್ನೆರಡರ ಹುಡುಗಿ ತಿದ್ದಿದಳು.

ಕೊನೆಗೆ ಪಟ್ಟಿಯ ಮೊದಲ ಸ್ಥಾನಕ್ಕೆ ಎರಡು ಸ್ಕೋಪು ಉಳಿದವು. ಒಂದು ಗಿಡ್ಡದು, ಎಲ್ಲಕ್ಕಿಂತ ಹಗುರದ್ದು, ಸುಶಾಂತ್ ಮೆಚ್ಚಿದ್ದು. ಇನ್ನೊಂದು ಅದಕ್ಕಿಂತ ಎಪ್ಪತ್ತು ಗ್ರಾಂ ಹೆಚ್ಚು, ಹರಿಣಾಕ್ಷಿಯ ಆಯ್ಕೆ.

"ಗಿಡ್ಡದರಲ್ಲಿ ಚಿತ್ರ ಕಾಣಬೇಕಾದ್ರೆ ಕಣ್ಣನ್ನು ಮೂರು ಬೆರಳಿನಷ್ಟು ಹತ್ತಿರ ತರಬೇಕು. ಇದರಲ್ಲಿ ಒಂದು ಮುಷ್ಟಿ ದೂರ ಇಟ್ರೂ ಕಾಣ್ತದೆ. ಕೋವಿ ಹಗುರ ಆದಷ್ಟೂ ಒದೆತ ಜಾಸ್ತಿ ಅಂತ ನೀವೇ ಹೇಳಿದ್ದು. ಒದ್ದಾಗ ಆ ಕೊಳವೆ ಎಲ್ಲಿಗೆ ಬರ್ತದೆ?"

"ಕೋಲು ಹಿಡಿದು ನೋಡಿದ್ದಲ್ವಾ ನೀನು? ನಿಜದ ಕೋವಿಯಲ್ಲಿ ನೋಡುವ."

ಶನಿವಾರ ಅವನು ಅವಳನ್ನು ಅಲ್ ಐನ್ ರಸ್ತೆಯ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದ. ಅಂಗಡಿಯ ಹೆಸರಿನಲ್ಲಿ ಜಾಗ ಕಾದಿರಿಸಿದ್ದ. ತನ್ನ ಆಯ್ಕೆಯ ಸ್ಕೋಪಿನಿಂದ ಹರಿಣಾಕ್ಷಿ ನಾಲ್ಕು ಗುಂಡು ಹಾರಿಸಿದಳು. ಭುಜ ನೋಯಿತು, ಮುಖಕ್ಕೆ ಏನೂ ಆಗಲಿಲ್ಲ. ಗಿಡ್ಡದನ್ನು ಹಾಕಿದಾಗ ಅವಳು ಬೇಡ ಎಂದಳು.

"ಒಂದೇ ಒಂದು. ಇಲ್ಲದಿದ್ರೆ ಎರಡನ್ನೂ ನೋಡಿದೆ ಅಂತ ಬರೆಯುದು ಹೇಗೆ?"

ಗುಂಡಿನ ಸದ್ದಿನೊಂದಿಗೇ ಸ್ಕೋಪಿನ ಲೋಹದ ಅಂಚು ಬಂದು ಬಲ ಹುಬ್ಬಿಗೆ ಬಡಿಯಿತು. ಕಣ್ಣೊಳಗೆ ರಕ್ತ ಇಳಿಯಿತು. ಕ್ಲಬ್ಬಿನಲ್ಲಿ ಗುರಿ ಕಲಿಸುವವನು ಓಡಿ ಬಂದು ಹತ್ತಿ ಒತ್ತಿದ, ಹೆಸರು ಕೇಳಿ ಪ್ರಥಮ ಚಿಕಿತ್ಸೆಯ ಪುಸ್ತಕದಲ್ಲಿ ಬರೆದ. ಕ್ಲಿನಿಕ್ಕಿನಲ್ಲಿ ಎರಡು ಹೊಲಿಗೆ ಬಿದ್ದವು.

ಕಾರಿನಲ್ಲಿ ಸುಶಾಂತ್ ಹೇಳಿದ: "ನೋಡು, ಕ್ಲೈವ್ ಸರ್‌ಗೆ ಹೇಳದೆ ಕರ್ಕೊಂಡು ಬಂದದ್ದು. ಗೊತ್ತಾದ್ರೆ ನನ್ನ ಕೆಲಸ ಖಲಾಸ್. ಅಡುಗೆಮನೆ ಕಪಾಟಿನ ಬಾಗಿಲು ತಾಗಿತು ಅಂತ ಹೇಳು. ನಿನ್ನ ಕೆಲಸಕ್ಕೂ ಅದೇ ಒಳ್ಳೇದು."

ನಿನ್ನ ಕೆಲಸ ಎಂದು ಅವನು ಹೇಳಿದ್ದು ಅದೇ ಮೊದಲು. ಅವಳು ಒಪ್ಪಿದಳು.

ಜಮೀಲ ಬ್ಯಾಂಡೇಜು ನೋಡಿದಳು, ಬಾಗಿಲು ಮುಂದೆ ಮಾಡಿದಳು, ದನಿ ತಗ್ಗಿಸಿದಳು.

"ಕಪಾಟಿನ ಬಾಗಿಲಾ? ಆ ಕಪಾಟು ಎಲ್ಲರ ಮನೆಯಲ್ಲೂ ಉಂಟು ಅಕ್ಕ. ನನ್ನ ಹತ್ತಿರ ಹೇಳ್ಬಹುದು."

"ಇಲ್ಲ ಜಮೀಲ. ಅವರು ಕೈ ಎತ್ತುವವರಲ್ಲ."

ಅದು ನಿಜವಾಗಿತ್ತು. ನಿಜ ಹೇಳಿದರೂ ಸುಳ್ಳು ಹೇಳುವವಳಂತೆ ಮುಖ ಬಿಸಿಯಾದದ್ದು ಅವಳಿಗೇ ವಿಚಿತ್ರವೆನಿಸಿತು.

ಪಟ್ಟಿ ಪಾಸಾಯಿತು. ಹರಿಣಾಕ್ಷಿಯ ಸ್ಕೋಪು ಮೊದಲ ಸ್ಥಾನಕ್ಕೆ ಬಂತು. ತಿಂಗಳು ಕಳೆದು ಹೆಂಗಸರ ಕೌಂಟರಿನ ಆರಂಭಕ್ಕೆ ಸಿಬ್ಬಂದಿಯ ಕುಟುಂಬಗಳನ್ನೂ ಕರೆದರು. ಅವಳು ಹೊಸ ಚೂಡಿದಾರ್ ಹಾಕಿಕೊಂಡು ಹೋದಳು.

ಕೌಂಟರಿನ ಹಿಂದೆ ಬೇರೊಬ್ಬಳು ನಿಂತಿದ್ದಳು. ಎದೆಯ ಮೇಲೆ ಹೆಸರಿನ ಪಟ್ಟಿ: ಲವಿನಾ. ಗಾಜಿನ ಮೇಲೆ ಇಟ್ಟಿದ್ದ ಮಿರುಗುವ ಹಾಳೆಯಲ್ಲಿ ಪ್ರತಿ ಸ್ಕೋಪಿನ ಎದುರು ಎರಡು ತೂಕ, ಪುಸ್ತಕದಲ್ಲಿ ಬರೆದದ್ದು ಮತ್ತು ಹೊರುವಾಗಿನದು. ಕೆಳಗೆ ಸುಶಾಂತನ ಹೆಸರು, ಹೊಸ ಹುದ್ದೆಯೊಂದಿಗೆ.

ಕ್ಲೈವ್ ಜ್ಯೂಸ್ ಹಿಡಿದು ಹತ್ತಿರ ಬಂದರು. "ಈಗ ಹೇಗಿದ್ದೀರಿ ಅಕ್ಕ? ತಲೆ ತಿರುಗುದು ಕಡಿಮೆ ಆಯ್ತಾ?"

"ಯಾವ ತಲೆ ತಿರುಗುದು?"

"ಸುಶಾಂತ್ ಹೇಳಿದ್ರಲ್ಲ. ಅಡುಗೆಮನೆಯಲ್ಲಿ ತಲೆ ತಿರುಗಿ ಬಿದ್ದು, ಕಪಾಟಿನ ಬಾಗಿಲು ತಾಗಿ ಹೊಲಿಗೆ ಹಾಕಿದ್ದು. ನಾನೇ ಕೇಳಿದ್ದೆ, ಕೌಂಟರಿಗೆ ನಿಮ್ಮ ಮಿಸೆಸ್ ಬರ್ತಾರಾ ಅಂತ. ಪಾಪ, ದಿನವಿಡೀ ನಿಲ್ಲಲಿಕ್ಕೆ ಆಗುದಿಲ್ಲ ಅಂದ್ರು."

ಸುಶಾಂತ್ ಎರಡು ಹೆಜ್ಜೆ ಆಚೆ ನಿಂತು ಹಾಳೆಗಳ ಅಂಚು ಸರಿಪಡಿಸುತ್ತಿದ್ದ. ಅವು ಸರಿಯಾಗಿಯೇ ಇದ್ದವು. ಕಾರಿನಲ್ಲಿ ಅವಳು ಅವನ ಕೆಲಸ ಉಳಿಸಲು ಒಪ್ಪಿದ ಸುಳ್ಳಿಗೆ ಅವನು ಒಂದೇ ಒಂದು ಎಳೆ ಸೇರಿಸಿದ್ದ. ಅಷ್ಟರಲ್ಲಿ ಅವಳ ಕೆಲಸ ಹೋಗಿತ್ತು.

ಹರಿಣಾಕ್ಷಿ ಕೌಂಟರಿಗೆ ನಡೆದಳು. ಗಾಜಿನೊಳಗೆ ಗಿಡ್ಡ ಸ್ಕೋಪೂ ಇತ್ತು.

"ಅದನ್ನು ಸ್ವಲ್ಪ ಕೊಡು ಮಗಾ" ಎಂದು ಲವಿನಾಳಿಗೆ ಹೇಳಿದಳು.

ಹುಡುಗಿ ಕೊಟ್ಟಳು. ಹರಿಣಾಕ್ಷಿ ಅದರ ಹಿಂಬದಿಯ ಅಂಚನ್ನು ತನ್ನ ಬಲ ಹುಬ್ಬಿನ ಮೇಲಿನ ಅರ್ಧಚಂದ್ರದ ಕಲೆಗೆ ಇಟ್ಟಳು. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು.

"ಕಪಾಟಿಗೆ ಇಷ್ಟು ಚಂದದ ಗುಂಡು ಅಂಚು ಇರುದಿಲ್ಲ ಕ್ಲೈವ್ ಸರ್. ಆ ಹಾಳೆಯಲ್ಲಿ ಇರುವುದೆಲ್ಲ ನಾನು ತೂಗಿದ್ದು. ಬೇಕಾದ್ರೆ ಕ್ಲಬ್ಬಿನ ಪುಸ್ತಕದಲ್ಲಿ ನನ್ನ ಹೆಸರು ಉಂಟು, ನೋಡಿ."

ಕ್ಲೈವ್ ಕಲೆಯನ್ನು ನೋಡಿದರು, ಹಾಳೆಯನ್ನು ನೋಡಿದರು, ಸುಶಾಂತನನ್ನು ನೋಡಿದರು. ಆಮೇಲೆ ಅವರಿಗೆ ನಗು ಬಂತು.

"ಎಂತ ಸುಶಾಂತ್, ಮನೆಯಲ್ಲೇ ಎಕ್ಸ್‌ಪರ್ಟ್ ಇಟ್ಕೊಂಡು ನನ್ನ ಹತ್ತಿರ ಹೇಳಲೇ ಇಲ್ಲ! ಒಂದು ಸಂಬಳದಲ್ಲಿ ನಮಗೆ ಇಬ್ಬರು ಸಿಕ್ಕಿದ ಹಾಗೆ ಆಯ್ತು. ಲವಿನಾಳ ವೀಸಾ ಆಗಿಹೋಯ್ತು ಅಕ್ಕ, ಇಲ್ಲದಿದ್ರೆ..." ಅವರು ಜ್ಯೂಸಿನ ಲೋಟ ಅವಳ ಕೈಗಿತ್ತರು.

ಲವಿನಾ ಮಾತ್ರ ನಗಲಿಲ್ಲ. ಗಿಡ್ಡ ಸ್ಕೋಪನ್ನು ಗಾಜಿನೊಳಗೆ ವಾಪಸು ಇಡದೆ ಕೆಳಗಿನ ಡ್ರಾಯರಿಗೆ ಹಾಕಿದಳು.

ದಾರಿಯುದ್ದಕ್ಕೂ ಸುಶಾಂತ್ ತನ್ನ ಮರ್ಯಾದೆಯ ಬಗ್ಗೆ ಮಾತಾಡಿದ. "ನೀನು ಹೋದ್ರೆ ಮನೆ ಯಾರು ನೋಡುದು ಅಂತ ನಾನು ಯೋಚನೆ ಮಾಡಿದ್ದು ತಪ್ಪಾ?" ಎಂದು ಕೊನೆಗೆ ಕೇಳಿದ.

ಹತ್ತು ದಿನ ಕಳೆದು ಅವನು ಮತ್ತೆ ಮೂರು ಡಬ್ಬಿ ತಂದ. ಏನೂ ಆಗದವನಂತೆ ಅಡುಗೆಕಟ್ಟೆಯ ಮೇಲಿಟ್ಟ.

"ಹೊಸದು ಬಂದಿದೆ. ನಿನ್ನ ಹತ್ತಿರವೇ ತೋರಿಸ್ಲಿಕ್ಕೆ ಕ್ಲೈವ್ ಸರ್ ಹೇಳಿದ್ದು. ನೋಡು, ಎಷ್ಟು ಗೌರವ!"

ತಕ್ಕಡಿಯ ಮೇಲೆ ಕಡಲೆಬೇಳೆ ಇತ್ತು. ಹರಿಣಾಕ್ಷಿ ಅದನ್ನು ಸರಿಸಲಿಲ್ಲ. ಒಂದು ಡಬ್ಬಿಯನ್ನೂ ಮುಟ್ಟಲಿಲ್ಲ.

"ನನಗೆ ತಲೆ ತಿರುಗುತ್ತದೆ" ಎಂದಳು. "ನೀವೇ ಹೇಳಿದ್ದಲ್ವಾ."

ಅವಳು ಬೇಳೆಯಿಂದ ಒಂದು ಕಲ್ಲು ಆರಿಸಿ ಕಸದ ಬುಟ್ಟಿಗೆ ಹಾಕಿದಳು.