ಒಬ್ಬರಿಗೆ ಮಾತ್ರ ಫ್ರೀ

ಮೊನ್ನೆ ಏರ್‌ಪೋರ್ಟ್ ಲೌಂಜಿನಿಂದ ಎರಡು ಬಾಳೆಹಣ್ಣು ಕದ್ದೆ. ಟಿಶ್ಯೂ ಪೇಪರಿನಲ್ಲಿ ಸುತ್ತಿ, ಜರ್ಕಿನ್ ಜೇಬಿಗೆ ತುರುಕಿಕೊಂಡು, ಕಳ್ಳನ ಹಾಗೆ ಹೊರಗೆ ಬಂದೆ. (ಹಾಗೆ ಏನು ಬಂತು, ಕಳ್ಳನೇ.)

ಶುರುವಾದದ್ದು ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ. ಬ್ಯಾಂಕಿನವರು ಫೋನ್ ಮಾಡಿ, ಎರಡು ಕ್ರೆಡಿಟ್ ಕಾರ್ಡ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರು. ಕ್ಯಾಶ್‌ಬ್ಯಾಕ್ ಕಾರ್ಡ್ ಆದರೆ ದಿನಸಿ, ಪೆಟ್ರೋಲ್, ಕರೆಂಟ್ ಬಿಲ್, ಏನೇ ಕಟ್ಟಿದರೂ ಸ್ವಲ್ಪ ದುಡ್ಡು ವಾಪಸ್. ಏರ್‌ಲೈನ್ ಕಾರ್ಡ್ ಆದರೆ ಟಿಕೆಟ್ಟಿಗೆ ಪಾಯಿಂಟ್ಸ್, ಮೇಲೆ ಲೌಂಜಿನಲ್ಲಿ ಫ್ರೀ ತಿಂಡಿ.

“ನಾವು ವಿಮಾನ ಹತ್ತೋದು ಯಾವಾಗ್ಲೋ ಒಂದ್ಸಲ. ಅಕ್ಕಿ ಬೇಳೆ ದಿನಾ ಬೇಕಲ್ರೀ?” ಎಂದಳು ಹೆಂಡತಿ. ಅಕ್ಕಿ ಬೇಳೆಯಲ್ಲಿ ಏನು ಗತ್ತಿದೆ? ಏರ್‌ಲೈನ್ ಕಾರ್ಡೇ ಬಂತು.

ಬಂದ ಮೇಲೆ ಸುಮ್ಮನಿರಲಾದೀತೇ? ಹನುಮಂತನಗರದ ನಮ್ಮಕ್ಕನನ್ನು ನನ್ನ ಜೊತೆ ಕಾಶಿಗೆ ಹೊರಡಿಸಿದೆ. ಅವಳಿಗೆ ಅದೇ ಮೊದಲ ವಿಮಾನ. ಯಾತ್ರೆ ಎಂದರೆ ನಮ್ಮಲ್ಲಿ ಮೊದಲು ಸಿದ್ಧವಾಗುವುದು ಪುಳಿಯೋಗರೆ ಡಬ್ಬಿ. “ಅದೆಲ್ಲ ಬೇಡ ಕಣೇ ಅಕ್ಕ, ಮಾನ ಹೋಗುತ್ತೆ. ಲೌಂಜಲ್ಲಿ ತಿನ್ನೋಣ” ಎಂದು, ಕಲಸಿ ತುಂಬಿಟ್ಟಿದ್ದ ಡಬ್ಬಿಯನ್ನು ಅಡುಗೆಮನೆಯಲ್ಲೇ ಬಿಡಿಸಿದೆ.

ಲೌಂಜಿನ ಕೌಂಟರಿನಲ್ಲಿದ್ದ ಹುಡುಗಿ ಕಾರ್ಡ್ ಉಜ್ಜಿ ನೋಡಿದಳು. “ಸಾರ್, ಇದ್ರಲ್ಲಿ ಕಾರ್ಡ್ ಹೋಲ್ಡರ್ ಒಬ್ರಿಗೆ ಮಾತ್ರ ಫ್ರೀ. ಮೇಡಂಗೆ ಪೇ ಮಾಡ್ಬೇಕು.”

ರೇಟು ಕೇಳಿ ನನ್ನ ಮುಖ ಸಣ್ಣದಾಯಿತು. ಫ್ರೀ ಎಂದು ತೆಗೆದುಕೊಂಡ ಕಾರ್ಡಿಗೆ ಮತ್ತೆ ದುಡ್ಡು ಸುರಿಯುವುದೇ?

ಅಕ್ಕನಿಗೆ ಅರ್ಥವಾಯಿತು. “ನೀನ್ ಹೋಗಿ ತಿನ್ಕೊಂಡ್ ಬಾರೋ. ನಂಗೇನ್ ಅಂಥಾ ಹಸಿವಿಲ್ಲ” ಎಂದಳು.

ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ ಬರೀ ಒಂದು ಲೋಟ ಕಾಫಿ ಕುಡಿದು ಹೊರಟವಳು. ಹಸಿವಿಲ್ಲವೇ? ನನಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಹೋದೆ. ಇಡ್ಲಿ, ವಡೆ, ಖಾರಾಬಾತ್, ಮೇಲೆ ಎರಡು ಸಲ ಕಾಫಿ. ಕಾರ್ಡು ವೇಸ್ಟ್ ಆಗಬಾರದಲ್ಲ! ಬಾಳೆಹಣ್ಣು ಕಂಡಾಗಲೇ ಅಕ್ಕ ನೆನಪಾದದ್ದು.

ಹೊರಗೆ ಬಂದರೆ ಅವಳು ಪಕ್ಕದ ಕುರ್ಚಿಯ ಹೆಂಗಸಿಗೆ ಹೇಳುತ್ತಿದ್ದಾಳೆ: “ನಮ್ ತಮ್ಮಂಗೆ ಒಳಗ್ ಕರ್ದು ತಿಂಡಿ ಕೊಡ್ತಾರೆ ಕಣ್ರೀ. ದೊಡ್ಡ ಕಾರ್ಡು ಅವನ್ದು.”

ಎಂಥಾ ಹೆಮ್ಮೆ ಆ ದನಿಯಲ್ಲಿ! ಬಾಳೆಹಣ್ಣು ಕೈಗಿಟ್ಟೆ. ಒಂದನ್ನು ಆ ಹೆಂಗಸಿಗೆ ಕೊಟ್ಟು, ಇನ್ನೊಂದನ್ನು ಗಬಗಬನೆ ತಿಂದಳು. ನಾನು ಬೋರ್ಡಿಂಗ್ ಗೇಟಿನ ಕಡೆ ಮುಖ ತಿರುಗಿಸಿಕೊಂಡು ನಿಂತೆ.

ಕಾಶಿಯಿಂದ ಬಂದವನೇ ಆ ಕಾರ್ಡ್ ಕ್ಯಾನ್ಸಲ್ ಮಾಡಿಸಿ, ಕ್ಯಾಶ್‌ಬ್ಯಾಕ್ ಕಾರ್ಡ್ ತರಿಸಿಕೊಂಡೆ. ಹೆಂಡತಿಗೆ ಖುಷಿ.

ಆದರೆ ಅಕ್ಕ ಹೊರಗೆ ಹಸಿದು ಕೂತಿದ್ದಾಗಲೂ ನನಗೆ ಆ ವಡೆ ರುಚಿಸಿತಲ್ಲ, ಅದಕ್ಕೆ ಯಾವ ಕಾರ್ಡನ್ನು ಬೈಯಲಿ?